ಮುಂದೆ ಒಬ್ಬರು ಕೂರುವಷ್ಟು ಜಾಗ

ಕಳೆದ ತಿಂಗಳು ಮಗಳಿಗೆ ಪ್ಯಾಡಲ್ ಬೋರ್ಡ್ ಕೊಡಿಸಲು ಜರ್ಸಿ ಶೋರ್ ಕಡಲತೀರದ ಒಂದು ಅಂಗಡಿಗೆ ಹೋಗಿದ್ದೆ. ನೀರಿನ ಮೇಲೆ ನಿಂತುಕೊಂಡು, ಉದ್ದ ಹಿಡಿಯ ಹುಟ್ಟು ಹಾಕುತ್ತಾ ಹೋಗುವ ಹಲಗೆ ಅದು. ಅವಳು ಬಣ್ಣ ನೋಡುತ್ತಿದ್ದಳು, ನಾನು ಬೆಲೆಯ ಚೀಟಿ ನೋಡುತ್ತಿದ್ದೆ. ಕೌಂಟರಿನ ಮೇಲಿನ ಬುಟ್ಟಿಯಲ್ಲಿ ಮೇಣದ ಬಿಲ್ಲೆಗಳಿದ್ದವು, ಕಾಲು ಜಾರದಿರಲೆಂದು ಹಲಗೆಗೆ ಉಜ್ಜುವಂಥವು. ಸುಮ್ಮನೆ ಒಂದನ್ನು ಎತ್ತಿ ಮೂಸಿದೆ. ಕೊಬ್ಬರಿಯ ವಾಸನೆ... ನಮ್ಮ ಅಡುಗೆಮನೆಯ ಕೊಬ್ಬರಿಯಲ್ಲ, ಸಕ್ಕರೆ ಬೆರೆತ, ಸೋಪಿನಂಥ ಸುಳ್ಳು ಕೊಬ್ಬರಿ. ಆ ಸುಳ್ಳು ಕೊಬ್ಬರಿಗೆ ನಾನು ಕಣ್ಣು ಒರೆಸಿಕೊಂಡೆ. ಅಂಗಡಿಯ ಹುಡುಗ "ಆರ್ ಯೂ ಓಕೆ, ಮ್ಯಾಮ್?" ಎಂದ. ಅಲರ್ಜಿ ಎಂದೆ. ಈ ದೇಶದಲ್ಲಿ ಅಲರ್ಜಿ ಎಂದರೆ ಮುಂದೆ ಯಾರೂ ಏನೂ ಕೇಳುವುದಿಲ್ಲ.

ನೆನಪಾದದ್ದು ಪಕ್ಕದ ಮನೆಯ ಆಂಟಿ. ಮಾನ್ಮತ್ ಜಂಕ್ಷನ್ನಿನ ಟೌನ್‌ಹೌಸುಗಳ ಸಾಲಿನಲ್ಲಿ ಅವರದು ಕೊನೆಯ ಮನೆ, ನಮ್ಮದು ಅದಕ್ಕೆ ಅಂಟಿಕೊಂಡದ್ದು. ಆಗ ನಾನು ಮೈಸೂರಿನಿಂದ ಮದುವೆಯಾಗಿ ಎಚ್-ಫೋರ್ ವೀಸಾದ ಮೇಲೆ ಬಂದು ಒಂದು ಚಳಿಗಾಲ ಕಳೆದಿದ್ದೆ. ಎಂಎಸ್ಸಿ ಓದಿದ್ದರೂ ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಡ್ರೈವಿಂಗ್ ಬರುತ್ತಿರಲಿಲ್ಲ. ಬೆಳಿಗ್ಗೆ ಸಿಟಿಗೆ ಬಸ್ಸು ಹಿಡಿದು ಹೋದ ಗಂಡ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಆಗ ನನಗೆ ಎಲ್ಲದರ ಮೇಲೂ ಸಿಟ್ಟು. ಗಂಡನ ಮೇಲೆ, ವೀಸಾದ ಮೇಲೆ, ಕಾರಿನ ಮೇಲೆ ಕೂತ ಹಿಮದ ಮೇಲೆ. ಒಂದು ದಿನ ಆಂಟಿ ನೀರುದೋಸೆಯ ತಟ್ಟೆ ಹಿಡಿದು ಬಾಗಿಲು ತಟ್ಟಿದರು. "ನಿನ್ನ ಮುಖ ಕಿಟಕಿಯಲ್ಲಿ ನೋಡಿ ನೋಡಿ ನನಗೇ ಬೇಜಾರು ಬಂತು ಮಾರಾಯ್ತಿ. ತಿನ್ನು ಮೊದಲು." ಹಾಗೆ ಶುರುವಾಯಿತು ನಮ್ಮ ಸ್ನೇಹ.

ಆಂಟಿಗೆ ಐವತ್ತು ದಾಟಿತ್ತು. ಕುಳ್ಳಗೆ, ದುಂಡಗೆ ಇದ್ದರು. ಅವರ ಮನೆಯಲ್ಲಿ ಎಲ್ಲವೂ ಬೇಕಾದದ್ದಕ್ಕಿಂತ ದೊಡ್ಡದು. ಇದ್ದವರು ಗಂಡ ಹೆಂಡತಿ ಇಬ್ಬರೇ, ಮಗ ದೂರದಲ್ಲಿ ಕಾಲೇಜು ಓದುತ್ತಿದ್ದ. ಆದರೂ ಕುಕ್ಕರ್ ಮದುವೆ ಮನೆಯದು, ಟೇಬಲ್ ಹತ್ತು ಜನರದು, ವ್ಯಾನು ಏಳು ಸೀಟಿನದು. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: "ಯಾರಾದ್ರೂ ಬಂದ್ರೆ?" ಬರುತ್ತಲೂ ಇದ್ದರು. ಹಿಲ್ಸ್‌ಬರೋದಿಂದ, ಈಸ್ಟ್ ಬ್ರನ್ಸ್‌ವಿಕ್‌ನಿಂದ, ಒಂದೊಂದು ಸಲ ಯಾರೆಂದು ಆಂಟಿಗೇ ಸರಿಯಾಗಿ ಗೊತ್ತಿಲ್ಲದವರು.

ಅವರು ಹುಟ್ಟಿದ್ದು ಮಂಗಳೂರಿನ ಆಚೆ, ಹೊಳೆ ಸಮುದ್ರ ಸೇರುವ ಕಡೆ. ಅಣ್ಣಂದಿರು ದೋಣಿಯಲ್ಲಿ ನಿಂತು ಬಿದಿರಿನ ಗಳ ಊರುತ್ತಾ ಇಡೀ ದಿನ ನೀರಿನಲ್ಲೇ ಇರುತ್ತಿದ್ದರಂತೆ. ಹುಡುಗಿಯರು ದೋಣಿ ಹತ್ತುತ್ತಿದ್ದುದು ಆಚೆ ದಡದ ಶಾಲೆಗೆ ಹೋಗಲು ಮಾತ್ರ. ಹತ್ತಿದ ಕೂಡಲೇ ಅಂಬಿಗ, ಅಣ್ಣಂದಿರು, ದಡದಲ್ಲಿ ನಿಂತ ಅಮ್ಮ, ಎಲ್ಲರದೂ ಒಂದೇ ಕೂಗು, ಕೂತ್ಕೋ, ಕೂತ್ಕೋ. "ನಾನು ಕೂತುಕೊಂಡೇ ದೊಡ್ಡವಳಾದದ್ದು," ಎಂದು ಆಂಟಿ ನಗುತ್ತಿದ್ದರು. "ನಿಂತು ನೋಡಿದ್ರೆ ಸಮುದ್ರದವರೆಗೆ ಕಾಣ್ತದಂತೆ. ನಮ್ಮ ಸಣ್ಣಣ್ಣ ಹೇಳ್ತಿದ್ದ."

ಅದು ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿದ ಮರುವರ್ಷ. ಅಂಕಲ್ ಸಿಟಿಯ ಒಂದು ಬ್ಯಾಂಕಿನಲ್ಲಿದ್ದರು. ಕೆಲಸ ಹೋಗಿ ಆರೇಳು ತಿಂಗಳಾಗಿತ್ತು. ಹೋಗುವ ಮೊದಲೂ ಅವರು ಮಾತು ಕಡಿಮೆಯ ಮನುಷ್ಯ, ಹೋದ ಮೇಲೆ ಇದ್ದ ಮಾತೂ ನಿಂತಿತು. ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ದಿನವಿಡೀ ಹಿತ್ತಲ ಕಡೆಯ ಮರದ ಡೆಕ್ಕಿನ ಮೇಲೆ ಕೂತಿರುತ್ತಿದ್ದರು. ಕೊನೆಗೆ ಮನೆಯ ಮುಂದೆ "ಫಾರ್ ಸೇಲ್" ಫಲಕ ಬಿತ್ತು. ಓಕ್ಲಹೋಮಾದಲ್ಲಿ ಅವರ ದಾಯಾದಿಯೊಬ್ಬರ ಮೋಟೆಲ್ ಇತ್ತು, ನೋಡಿಕೊಳ್ಳಲು ಜನ ಬೇಕಿತ್ತು. ಬೇಸಿಗೆ ಮುಗಿಯುವ ಮೊದಲು ಅಲ್ಲಿಗೆ ಹೋಗುವುದೆಂದು ತೀರ್ಮಾನವಾಯಿತು. ಆಂಟಿ ನಮ್ಮ ಮನೆಗೆ ಬಂದು, ನನ್ನ ಗಂಡನ ಲ್ಯಾಪ್‌ಟಾಪಿನಲ್ಲಿ ಮ್ಯಾಪ್ ತೆಗೆಸಿ ತುಂಬ ಹೊತ್ತು ನೋಡಿದರು. "ಇಲ್ಲಿ ಸುತ್ತಮುತ್ತ ಎಲ್ಲಿಯೂ ಸಮುದ್ರ ಇಲ್ಲ ಅಲ್ವಾ," ಎಂದರು. ಇಲ್ಲ ಎಂದೆ.

ಅದರ ಮುಂದಿನ ವಾರ ಇಬ್ಬರೂ ಶೋರ್‌ಗೆ ಹೋಗಿದ್ದೆವು. ಮರಳಿನ ಮೇಲೆ ಚಾಪೆ ಹಾಸಿ ಚುರುಮುರಿ ಕಲೆಸುತ್ತಿದ್ದಾಗ ಆಂಟಿಯ ಕೈ ನಿಂತಿತು. ಅಲೆಗಳ ಆಚೆ ಒಬ್ಬ ಹೆಂಗಸು, ನನ್ನ ಅಮ್ಮನ ವಯಸ್ಸಿನವಳು, ನೆಟ್ಟಗೆ ನಿಂತು ಹೋಗುತ್ತಿದ್ದಳು. ದೋಣಿಯಿಲ್ಲ, ಹಗ್ಗವಿಲ್ಲ, ಕೈಯಲ್ಲಿ ಒಂದು ಹುಟ್ಟು ಅಷ್ಟೇ. ಆ ಕಾಲಕ್ಕೆ ಅದು ನಮ್ಮ ಕಡೆ ಹೊಸದು.

"ನಿಂತುಕೊಂಡೇ ಹೋಗುದಾ ಅದು?" ಎಂದರು ಆಂಟಿ.

"ಹಾಗೇ ಕಾಣ್ಸತ್ತೆ."

"ಹೋಗುವ ಮೊದಲು ನಾನು ಒಮ್ಮೆ ಹಾಗೆ ನಿಲ್ಲಬೇಕು ಮಾರಾಯ್ತಿ. ಸಮುದ್ರದಲ್ಲಿಯೇ."

ನಾನು ನಕ್ಕೆ. ಅವರು ನಗಲಿಲ್ಲ. ಚುರುಮುರಿ ಮೆತ್ತಗಾಯಿತು.

ಶೋರ್‌ನಲ್ಲೇ ಅಲೆಸವಾರಿಯ ಸಾಮಾನು ಮಾರುವ ಒಂದು ಸರ್ಫ್ ಅಂಗಡಿ ಮುಚ್ಚುತ್ತಿತ್ತು, ಅಗ್ಗಕ್ಕೆ ಸಿಗಬಹುದೆಂದು ಅಲ್ಲಿಗೆ ಹೋದೆವು. ಆ ವರ್ಷ ಮುಚ್ಚದ ಅಂಗಡಿಯೇ ಕಡಿಮೆ. ಮಾಲೀಕ ಬಿಳಿ ಗಡ್ಡದ ಮುದುಕ, ಬಿಸಿಲಿಗೆ ಮೂಗು ಸುಲಿದು ಕೆಂಪಾಗಿತ್ತು. ಬೋರ್ಡು ಯಾರಿಗೆ ಎಂದು ಕೇಳಿದ. ಆಂಟಿ ತಮ್ಮನ್ನು ತೋರಿಸಿಕೊಂಡರು. ಅವನು ಅವರ ಎತ್ತರ ತೂಕ ಅಂದಾಜು ಮಾಡಿ, ಹದವಾದ ಒಂದು ನೀಲಿ ಬೋರ್ಡನ್ನು ಇಳಿಸಿದ. ನಿಮಗೆ ಹೇಳಿ ಮಾಡಿಸಿದಂತಿದೆ, ಒಬ್ಬರೇ ಹೊತ್ತುಕೊಂಡು ಹೋಗಬಹುದು ಎಂದ. ಆಂಟಿ ಅದನ್ನು ಹಲಸಿನ ಹಣ್ಣು ಕೊಳ್ಳುವವರಂತೆ ಬೆರಳ ಗೆಣ್ಣಿನಿಂದ ತಟ್ಟಿದರು, ಅಂಚು ಸವರಿದರು, ಬಗ್ಗಿ ಅಡಿಯ ಮೀನುರೆಕ್ಕೆಯಂಥದನ್ನು ನೋಡಿದರು. ಎಲ್ಲ ಸರಿಯಿತ್ತು. ಆಮೇಲೆ ಇದರಲ್ಲಿ ಎಷ್ಟು ಜನ ಹೋಗಬಹುದು ಎಂದು ಕೇಳಿದರು.

ಮುದುಕ ಗಡ್ಡ ಕೆರೆದುಕೊಂಡ. ಒಬ್ಬರು ಎಂದ.

"ಯಾರಾದ್ರೂ ಬಂದ್ರೆ?" ಎಂದು ಆಂಟಿ ನನ್ನನ್ನು ಕೇಳಿದರು.

"ಆಂಟಿ, ಸಮುದ್ರದ ಮಧ್ಯೆ ಯಾರು ಬರ್ತಾರೆ?"

"ಹಾಗೆ ಹೇಳ್ಲಿಕ್ಕೆ ಆಗುದಿಲ್ಲ."

ಕೊನೆಗೆ ಅವರು ಆರಿಸಿದ್ದು ಗೋಡೆಯ ಮೂಲೆಗೆ ಒರಗಿಸಿದ್ದ ಬಿಳಿಯದನ್ನು. ಅಂಗಡಿಯಲ್ಲಿ ಅದಕ್ಕಿಂತ ಉದ್ದದ್ದಿರಲಿಲ್ಲ, ಅಗಲದ್ದೂ ಇರಲಿಲ್ಲ. ನಾಯಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವ ದಪ್ಪ ಗಂಡಸರಿಗೆ ಬಾಡಿಗೆಗೆ ಕೊಡುತ್ತಿದ್ದೆ, ನಿಮಗೆ ಎತ್ತಲೂ ಆಗದು ಎಂದು ಮುದುಕ ಪ್ರಾಮಾಣಿಕವಾಗಿ ಹೇಳಿದ. ನಾನೂ ಹೇಳಿದೆ. ಕುಕ್ಕರ್ ಕೊಳ್ಳುವ ಲೆಕ್ಕದಲ್ಲಿ ಬೋರ್ಡ್ ಕೊಳ್ಳುವವರು ಪ್ರಪಂಚದಲ್ಲಿ ಇವರೊಬ್ಬರೇ ಎಂದು ಜಗಳವನ್ನೇ ಆಡಿದೆ. ಆಂಟಿ ಅದರ ಮುಂಭಾಗವನ್ನು ಅಂಗೈಯಲ್ಲಿ ತಟ್ಟಿ, "ಇಲ್ಲಿ ನೋಡು, ಮುಂದೆ ಒಬ್ಬರು ಆರಾಮದಲ್ಲಿ ಕೂತುಕೊಳ್ಳುವಷ್ಟು ಜಾಗ ಉಂಟು," ಎಂದರು. ಅಲ್ಲಿಗೆ ಮುಗಿಯಿತು. ಆರ್ಡರಿಗೆ ಊಟ ತಿಂಡಿ ಮಾಡಿಕೊಟ್ಟು ಕೂಡಿಸಿದ ಅವರದೇ ದುಡ್ಡು, ಕೇಳುವವರು ಯಾರು?

ಉಳಿದ ಸಾಮಾನಿಗೆ ಅರ್ಧ ದಿನ ಹಿಡಿಯಿತು. ಕೈ ಮೇಲೆತ್ತಿ ಮಣಿಕಟ್ಟು ಬಗ್ಗಿಸಿದರೆ ಹುಟ್ಟಿನ ಹಿಡಿ ಅಂಗೈಗೆ ಸಿಗಬೇಕು, ಅದೇ ಸರಿಯಾದ ಉದ್ದ ಎಂದು ಮುದುಕ ಕಲಿಸಿದ. ಆಂಟಿ ಬಸ್ಸಿನಲ್ಲಿ ಕಂಬಿ ಹಿಡಿದವರಂತೆ ನಿಂತರು. ಹುಟ್ಟಿನ ಕೆಳತುದಿಯ ಅಗಲದ ಎಲೆ ತುಸು ಮುಂದಕ್ಕೆ ಬಾಗಿರಬೇಕು. ಅವರು ಅದನ್ನು ಸೌಟು ಹಿಡಿದಂತೆ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು, ಅವನು ಸರಿಮಾಡಿ ಆಚೆ ಹೋದ ಕೂಡಲೇ ಮತ್ತೆ ಸೌಟು. ಬಿದ್ದಾಗ ಬೋರ್ಡು ದೂರ ಹೋಗದಿರಲೆಂದು ಕಾಲಿಗೆ ಕಟ್ಟುವ ದಾರ ಕೊಟ್ಟಾಗ "ದನ ಕಟ್ಟುವ ಹಾಗೆ ಕಟ್ಟುದಾ?" ಎಂದು ಮುಖ ಕಿವುಚಿದರು. ಮೈಗೆ ಅಂಟುವ ರಬ್ಬರಿನ ವೆಟ್‌ಸೂಟಿನ ವಿಷಯ ನಾನು ಹೇಳುವುದಿಲ್ಲ. ಅದರೊಳಗೆ ಅವರನ್ನು ತೂರಿಸಲು ಟ್ರಯಲ್ ರೂಮಿನಲ್ಲಿ ನಾವಿಬ್ಬರೂ ಪಟ್ಟ ಪಾಡು, ನಕ್ಕು ನಕ್ಕು ಇಬ್ಬರೂ ನೆಲಕ್ಕೆ ಕೂತದ್ದು... ಇರಲಿ. ಲೈಫ್ ಜಾಕೆಟ್ ಎರಡು ತೆಗೆದುಕೊಂಡರು. ನನಗೆ ಈಜು ಬಾರದು, ನೀರೆಂದರೆ ನನಗೆ ಬಕೆಟ್ಟಿನದು, ನಾನಂತೂ ಇಳಿಯುವುದಿಲ್ಲ ಎಂದೆ. "ಇರಲಿ, ಗೆಸ್ಟ್ ಬಂದ್ರೆ ಬೇಕಾಗ್ತದೆ," ಎಂದರು. ಬೋರ್ಡಿನ ನಡುವೆ ಮಾತ್ರ ರಬ್ಬರು ಅಂಟಿಸಿತ್ತು, ಉಳಿದದ್ದು ನುಣ್ಣಗೆ. ಅಲ್ಲಿಗೆ ಉಜ್ಜಿಕೊಳ್ಳಿ ಎಂದು ಮುದುಕ ಒಂದು ಬಿಲ್ಲೆ ಮೇಣವನ್ನು ಸುಮ್ಮನೆ ಕೊಟ್ಟ. ಆಂಟಿ ಮೂಸಿ, ಇದು ಕೊಬ್ಬರಿಯೇ ಅಲ್ಲ ಎಂದು ಕರಾವಳಿಯ ಪರವಾಗಿ ತೀರ್ಪು ಕೊಟ್ಟರು.

ಬೋರ್ಡನ್ನು ವ್ಯಾನಿನ ಮೇಲೆ ನಾವೇ ಕಟ್ಟಿದೆವು. ಮುದುಕ ಸಹಾಯಕ್ಕೆ ಬಂದರೆ ಆಂಟಿ ಬಿಡಲಿಲ್ಲ, ಹಗ್ಗದ ಗಂಟು ತಮಗೆ ಗೊತ್ತೆಂದರು. ಗಂಟು ನಿಜಕ್ಕೂ ಗಟ್ಟಿಯಾಗಿತ್ತು. ಹಗ್ಗವನ್ನು ಮುಚ್ಚಿದ ಬಾಗಿಲುಗಳ ಕಿಟಕಿಯೊಳಗಿಂದ ಹಾಯಿಸಿದ್ದರಿಂದ ಒಂದು ಬಾಗಿಲೂ ತೆಗೆಯಲು ಬರಲಿಲ್ಲ. ಬಿಚ್ಚಿ ಮತ್ತೆ ಕಟ್ಟುವುದೆಂದರೆ ಮುದುಕನ ಮುಂದೆ ಮಾನದ ಪ್ರಶ್ನೆ. ಹಿಂದಿನ ಡಿಕ್ಕಿ ಎತ್ತಿ, ಸೀಟುಗಳ ಮೇಲಿಂದ ತೆವಳಿಕೊಂಡು ಮುಂದಕ್ಕೆ ಹೋಗಿ ಕೂತೆವು. ಆಂಟಿ ದುಪಟ್ಟಾ ಸರಿಮಾಡಿಕೊಂಡು, ಅವನಿಗೆ ಗಂಭೀರವಾಗಿ ಕೈ ಬೀಸಿ ವ್ಯಾನ್ ಸ್ಟಾರ್ಟ್ ಮಾಡಿದರು.

ಮನೆಗೆ ಹೋಗುವ ಮೊದಲು ದೇವಸ್ಥಾನ. ಹೊಸ ಕಾರು ಕೊಂಡವರೆಲ್ಲ ಅಲ್ಲಿನ ಪಾರ್ಕಿಂಗ್ ಲಾಟಿನಲ್ಲಿ ಪೂಜೆ ಮಾಡಿಸುತ್ತಾರಲ್ಲ, ಹಾಗೆ. ವ್ಯಾನು ಹಳೆಯದಲ್ಲವೇ ಎಂದು ಭಟ್ಟರು ಕೇಳಿದರು. ಆಂಟಿ ಮೇಲಕ್ಕೆ ಕೈ ತೋರಿಸಿದರು. ಭಟ್ಟರು ಬೋರ್ಡನ್ನೂ ನಮ್ಮನ್ನೂ ನೋಡಿ, "ಇದಕ್ಕೆ ಚಕ್ರ ಇಲ್ಲವಲ್ಲಮ್ಮ, ನಿಂಬೆಹಣ್ಣು ಎಲ್ಲಿಡೋದು?" ಎಂದರು. ಆಂಟಿ, ದೋಣಿಗೂ ಚಕ್ರ ಇಲ್ಲ, ನಮ್ಮೂರಲ್ಲಿ ದೋಣಿಗೂ ಪೂಜೆ ಉಂಟು ಎಂದರು. ಭಟ್ಟರು ಒಳ್ಳೆಯವರು. ಹುಲ್ಲಿನ ಮೇಲೆ ಇಳಿಸಿಕೊಂಡು, ಮಂತ್ರ ಹೇಳಿ, ಮುಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರು. ನಾನು ಅಂಗಡಿಯಲ್ಲೇ ಮೇಣ ಉಜ್ಜಿಬಿಟ್ಟಿದ್ದರಿಂದ ಕುಂಕುಮದ ಕೆಂಪು ಬಣ್ಣ ಮೇಣಕ್ಕೆ ಇಳಿದು ಬಿಳಿ ಹಲಗೆಯನ್ನೇ ಹಿಡಿಯಿತು. ಏನು ತಿಕ್ಕಿದರೂ ಹೋಗಲಿಲ್ಲ.

ಮನೆ ಮಾರುತ್ತಿರುವಾಗ ಇವರಿಗೆ ಎಂಥ ಶೋಕಿ ಎಂದು ನಮ್ಮ ಜನ ಆಡಿಕೊಂಡರು. ನನ್ನ ಮುಂದೆಯೇ ಒಬ್ಬರು ಅಂದಾಗ ನಾನು ಸರಿಯಾಗಿ ಉತ್ತರ ಕೊಟ್ಟೆ. ಈಗಲೂ ಆ ಮನೆಯವರು ನನ್ನನ್ನು ಕಂಡರೆ ಆಚೆ ತಿರುಗುತ್ತಾರೆ, ತಿರುಗಲಿ. ಅಂಕಲ್ ಮಾತ್ರ ಏನೂ ಅನ್ನಲಿಲ್ಲ. ಗರಾಜಿನಲ್ಲಿ ಬೋರ್ಡು ನೋಡಿ, ಒಂದು ಸಲ ಅಂಗೈಯಿಂದ ಸವರಿ ಒಳಗೆ ಹೋದರು.

ಆ ಬೇಸಿಗೆಯೆಲ್ಲ ಆಂಟಿ ಬಿದ್ದರು. ಮೊದಲು ಬೇ ಎನ್ನುವ, ಸಮುದ್ರದ ಒಳಬದಿಯ ಕೊಲ್ಲಿಯಲ್ಲಿ ಅಭ್ಯಾಸ. ಅಲ್ಲಿ ನೀರು ಕೆರೆಯಂತೆ ಸುಮ್ಮನಿರುತ್ತದೆ. ಮೊಣಕಾಲೂರಿ ಹುಟ್ಟು ಹಾಕುವಾಗ ಎಲ್ಲ ಸರಿ, ಎದ್ದು ನಿಂತ ಕೂಡಲೇ ಕಾಲು ನಡುಗುತ್ತಿತ್ತು, ಕಣ್ಣು ಪಾದದ ಮೇಲೆ ಹೋಗುತ್ತಿತ್ತು, ಧಡಕ್ಕನೆ ನೀರಿಗೆ. ಬಿದ್ದು ಎದ್ದು ಉಪ್ಪುನೀರು ಉಗುಳಿ, "ಯಾರೋ ಕೂತ್ಕೋ ಅಂತ ಹೇಳಿದ ಹಾಗೆ ಆಗ್ತದೆ ಮಾರಾಯ್ತಿ," ಎನ್ನುತ್ತಿದ್ದರು. ದಡದಲ್ಲಿ ಛತ್ರಿ ಹಿಡಿದು ನಿಂತ ನಾನು ಬಯ್ಯುತ್ತಿದ್ದೆ, ಹುರಿದುಂಬಿಸುತ್ತಿದ್ದೆ, ಆ ಮುದುಕನ ನೀಲಿ ಬೋರ್ಡು ತಗೊಂಡಿದ್ದರೆ ಇಷ್ಟು ಹೊತ್ತಿಗೆ ಆಫ್ರಿಕಾ ತಲುಪುತ್ತಿದ್ದಿರಿ ಎಂದು ಛೇಡಿಸುತ್ತಿದ್ದೆ. ಆಮೇಲೆ ಆ ಮಣಭಾರದ ಹಲಗೆಯನ್ನು ಇಬ್ಬರೂ ಮುಂದೊಬ್ಬರು ಹಿಂದೊಬ್ಬರು ಹಿಡಿದು ಪಾರ್ಕಿಂಗಿನವರೆಗೆ ಏದುಸಿರು ಬಿಡುತ್ತಾ ಹೊರುತ್ತಿದ್ದೆವು. ಆ ವರ್ಷದಲ್ಲಿ ನಾನು ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದ್ದು ಆ ದಿನಗಳಲ್ಲೇ.

ಮನೆ ಮಾರಾಟವಾಯಿತು. ಮನೆ ಬಿಟ್ಟುಕೊಡುವ ಕ್ಲೋಸಿಂಗ್ ದಿನ ಹತ್ತಿರ ಬಂತು. ಅದರ ಹಿಂದಿನ ಭಾನುವಾರ ಬೆಳಿಗ್ಗೆ ಆಂಟಿ ಇನ್ನು ಬೇ ಸಾಕು, ಇವತ್ತು ಸಮುದ್ರ ಎಂದರು. ಅಷ್ಟರವರೆಗೆ ಒಂದು ಸಲವೂ ಅವರು ನಿಂತು ಉಳಿದಿರಲಿಲ್ಲ. ಆವತ್ತು ವ್ಯಾನ್ ಡ್ರೈವ್ ಮಾಡಿದ್ದು ಅಂಕಲ್. ಅವರನ್ನು ಯಾರೂ ಕರೆದಿರಲಿಲ್ಲ, ತಾವೇ ಬಂದು ಸ್ಟೀರಿಂಗ್ ಹಿಂದೆ ಕೂತಿದ್ದರು.

ಗಾಳಿ ಇರಲಿಲ್ಲ. ಸಮುದ್ರ ಆ ಬೇಸಿಗೆಯಲ್ಲೇ ಅಷ್ಟು ಶಾಂತವಾಗಿದ್ದುದನ್ನು ನಾನು ನೋಡಿರಲಿಲ್ಲ. ದಡದಲ್ಲಿ ಮೊಣಕಾಲೆತ್ತರದ ಸಣ್ಣ ಅಲೆ, ಅದರಾಚೆ ಸಪಾಟು. ಆಂಟಿ ಹೋದರು, ನಿಂತರು, ಬಿದ್ದರು. ಮತ್ತೆ ಹೋದರು, ಮತ್ತೆ ಬಿದ್ದರು. ಎಷ್ಟು ಸಲವೋ... ನನಗೆ ನೋಡಲಾಗಲಿಲ್ಲ. ಕೊನೆಗೆ ಬೋರ್ಡನ್ನು ತಳ್ಳಿಕೊಂಡು ದಡಕ್ಕೆ ಬಂದು, ಸೊಂಟದವರೆಗಿನ ನೀರಿನಲ್ಲಿ ನಿಂತು ನನ್ನನ್ನು ನೋಡಿದರು.

"ಆ ಇನ್ನೊಂದು ಜಾಕೆಟ್ ಹಾಕಿಕೊಂಡು ಬಾ," ಎಂದರು.

"ಅಯ್ಯೋ, ನಂಗೆ ಈಜಕ್ಕೆ ಬರಲ್ಲ ಆಂಟಿ!"

"ಅದಕ್ಕೇ ಬಾ ಅಂತ ಹೇಳುದು. ನಾನೊಬ್ಬಳೇ ಇದ್ರೆ ಬಿದ್ರೂ ತೊಂದರೆ ಇಲ್ಲ ಅಂತ ಕಾಲಿಗೆ ಗೊತ್ತುಂಟು. ನಿನ್ನನ್ನು ಕೂರಿಸಿಕೊಂಡು ಬೀಳ್ಲಿಕ್ಕೆ ಆಗುದಿಲ್ಲ ಅಲ್ವಾ?"

ನಾನು ಅಂಕಲ್ ಕಡೆ ನೋಡಿದೆ, ಇದು ಹುಚ್ಚು ಎಂದು ಅವರಾದರೂ ಹೇಳಲಿ ಎಂದು. ಅವರು ಜಾಕೆಟ್ ತಂದು ನನಗೆ ತೊಡಿಸಿ, ಬಕಲ್ಲುಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿದರು. ಆಮೇಲೆ ಇಸ್ತ್ರಿಯ ಪ್ಯಾಂಟು ಮಡಚದೆ ಶೂ ಸಮೇತ ನೀರಿಗಿಳಿದು ಬೋರ್ಡಿನ ಮೂತಿ ಹಿಡಿದುಕೊಂಡರು. ನಾನು ಕುಂಕುಮದ ಕಲೆಯ ಮೇಲೆ ಕೂತು ಎರಡೂ ಅಂಚು ಹಿಡಿದೆ, ಕಣ್ಣು ಮುಚ್ಚಿದೆ. ಮೈಸೂರಿನ ಎಲ್ಲ ದೇವರೂ ನೆನಪಾದರು.

ಅಲೆ ದಾಟಿದ್ದು ತಿಳಿಯಿತು. ಹಿಂದೆ ಆಂಟಿ ಮೊಣಕಾಲಿನಿಂದ ಏಳುವ ಸಪ್ಪಳ, ಬೋರ್ಡು ಆಚೀಚೆ ವಾಲಿತು, ನಾನು ಕಿರುಚಿದೆ. "ಹೆದರಬೇಡ, ನಾನಿದ್ದೇನೆ," ಎಂದರು. ಅದು ನನಗೆ ಹೇಳಿದ್ದೋ ತಮ್ಮ ಕಾಲಿಗೆ ಹೇಳಿದ್ದೋ ಗೊತ್ತಿಲ್ಲ. ವಾಲುವುದು ನಿಂತಿತು. ಹುಟ್ಟು ನೀರಿಗೆ ಬೀಳುವ ಸದ್ದು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ತುಂಬ ಹೊತ್ತಿನ ಮೇಲೆ ಆಂಟಿ ಮೆಲ್ಲಗೆ, "ಕಾಣ್ತದೆ ಮಾರಾಯ್ತಿ," ಎಂದರು. ಅವರ ಸಣ್ಣಣ್ಣನ ಮಾತು ನನಗೆ ನೆನಪಾಯಿತು.

ತಿರುಗಿ ನೋಡಲು ನನಗೆ ಧೈರ್ಯವಿರಲಿಲ್ಲ. ಇಡೀ ಬೇಸಿಗೆ ಯಾವುದಕ್ಕಾಗಿ ಕಾದಿದ್ದೆನೋ ಅದು ನನ್ನ ಬೆನ್ನ ಹಿಂದೆ ನಡೆಯುತ್ತಿತ್ತು. ಆದರೆ ಅವರು ಬೋರ್ಡನ್ನು ದಡದ ಕಡೆಗೆ ತಿರುಗಿಸಿದಾಗ ಬೆಳಗಿನ ಸೂರ್ಯ ನಮ್ಮ ಹಿಂದಕ್ಕೆ ಬಂದ. ಆಗ ಕಣ್ಣು ಬಿಟ್ಟೆ. ಮುಂದೆ ನೀರಿನ ಮೇಲೆ ಉದ್ದಕ್ಕೆ ನೆರಳು ಬಿದ್ದಿತ್ತು. ಕೆಳಗೆ ಮುದುಡಿಕೊಂಡ ನನ್ನದು, ಅದರ ಮೇಲೆ ನೆಟ್ಟಗೆ ನಿಂತ ಆಂಟಿಯದು, ಕೈಯಲ್ಲಿ ಹುಟ್ಟು. ಆ ಕುಳ್ಳಿ ಹೆಂಗಸಿನ ನೆರಳು ದಡದವರೆಗೆ ಇತ್ತು. ಅಲ್ಲಿ ಅಂಕಲ್ ತೊಡೆಯವರೆಗೆ ನೆನೆದು ನಿಂತು, ಯಾರಿಗೆಂದಿಲ್ಲದೆ "ನಿಂತಿದ್ದಾಳೆ... ನಿಂತಿದ್ದಾಳೆ," ಎನ್ನುತ್ತಿದ್ದರು. ಎಷ್ಟೋ ತಿಂಗಳ ಮೇಲೆ ನಾನು ಕೇಳಿದ ಅವರ ದನಿ ಅದು. ದಡ ಮುಟ್ಟಿದ ಮೇಲೆ ನೀವೂ ಬನ್ನಿ, ಜಾಗ ಉಂಟು ಎಂದು ಆಂಟಿ ಕರೆದರು. ಅಂಕಲ್ ತಲೆ ಅಲ್ಲಾಡಿಸಿ ನಕ್ಕರು. ಹುಟ್ಟು ಆಗಲೂ ಸೌಟಿನಂತೆ ಉಲ್ಟಾ ಇತ್ತು.

ಅವರು ಹೋದರು. ಬೋರ್ಡು ನಮ್ಮ ಗರಾಜಿಗೆ ಬಂತು. ಓಕ್ಲಹೋಮಾದಿಂದ ಮೊದಮೊದಲು ವಾರಕ್ಕೊಮ್ಮೆ ಫೋನು. ಮೋಟೆಲ್ಲಿನ ಅಡುಗೆಮನೆ ಸಣ್ಣದಂತೆ, ದಾರಿಹೋಕರು ಎಷ್ಟು ಬಂದರೂ ಬಡಿಸಲಿಕ್ಕಿಲ್ಲವಂತೆ, ಅದೊಂದೇ ಬೇಜಾರಂತೆ. ಆಮೇಲೆ ಫೋನು ಹಬ್ಬಕ್ಕೊಮ್ಮೆಯಾಯಿತು. ನನಗೂ ಮಗುವಾಯಿತು, ಗ್ರೀನ್ ಕಾರ್ಡ್ ಬಂತು, ಕೆಲಸ ಸಿಕ್ಕಿತು. ಪ್ರತಿ ಸಲವೂ "ಬೋರ್ಡು ಹೇಗುಂಟು?" ಎಂದು ಕೇಳುತ್ತಿದ್ದರು. ಚೆನ್ನಾಗಿದೆ ಎನ್ನುತ್ತಿದ್ದೆ. ಹಿತ್ತಲಲ್ಲಿ ಅದರ ಮೇಲೆ ಸಂಡಿಗೆ ಒಣಗಿಸುತ್ತೇನೆ ಎಂದು ಒಂದು ಸಲ ಹೇಳಿದಾಗ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದರು. ಎರಡು ಚಳಿಗಾಲಗಳ ಹಿಂದೆ ಅವರ ಮಗನ ಮೆಸೇಜು ಬಂತು. ಆಂಟಿ ನಿದ್ದೆಯಲ್ಲೇ ಹೋದರಂತೆ. ಮೆಸೇಜು ಇಂಗ್ಲಿಷಿನಲ್ಲಿತ್ತು, ಚಿಕ್ಕದಾಗಿತ್ತು. ನಾನು ಗರಾಜಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಗಳು ಕೊನೆಗೆ ಒಂದು ಹಸಿರು ಬೋರ್ಡು ಆರಿಸಿದಳು, ಹಗುರ, ಅವಳೊಬ್ಬಳ ಅಳತೆಯದು. ನಾನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಇದರಲ್ಲಿ ಇಬ್ಬರು ಹೋಗಬಹುದಾ ಎಂದು ನನ್ನ ಬಾಯಿಂದಲೇ ಬಂತು. "ಅಮ್ಮಾ, ಇಟ್ಸ್ ಫಾರ್ ಒನ್ ಪರ್ಸನ್," ಎಂದಳು ಅವಳು. ಹೌದು, ಅವಳು ಹೇಳಿದ್ದು ಸರಿ. ಈಗಿನ ಬೋರ್ಡುಗಳಿಗೆ ಮೇಲೆಲ್ಲ ರಬ್ಬರು, ಮೇಣ ಬೇಕಿಲ್ಲ. ಆದರೂ ಒಂದು ಬಿಲ್ಲೆ ಕೊಂಡೆ.

ಮನೆಗೆ ಬಂದು ಹಳೆಯ ಹಲಗೆಯನ್ನು ಗೋಡೆಯಿಂದ ಇಳಿಸಿ ಒರೆಸಿದೆ. ಕುಂಕುಮದ ಕಲೆ ತಿಳಿ ಗುಲಾಬಿಯಾಗಿ ಇನ್ನೂ ಇದೆ. ಅದರ ಸುತ್ತ ಮೇಣ ಉಜ್ಜಿದೆ, ಸುಳ್ಳು ಕೊಬ್ಬರಿಯ ವಾಸನೆ ಗರಾಜೆಲ್ಲ ತುಂಬಿತು. ಆಮೇಲೆ ಸಿಮೆಂಟಿನ ನೆಲದ ಮೇಲೆ ಇದ್ದ ಹಲಗೆಯ ಮುಂಭಾಗದಲ್ಲಿ, ಆವತ್ತಿನಂತೆಯೇ ಎರಡೂ ಅಂಚು ಹಿಡಿದು ಸ್ವಲ್ಪ ಹೊತ್ತು ಕೂತೆ. ಒಬ್ಬರು ಆರಾಮದಲ್ಲಿ ಕೂರುವಷ್ಟು ಜಾಗ ಈಗಲೂ ಇದೆ. ಹಿಂದಕ್ಕೆ ತಿರುಗಿ ನೋಡಲು ಮಾತ್ರ ಈಗಲೂ ಧೈರ್ಯ ಬರಲಿಲ್ಲ.